ಟ್ಯಾಮರಾಕ್ ಪೆಟ್ಟಿಗೆಯ ಒಂದು ಓಟು

ಐಲಿ ಕಾಂಟೋಲ ಹತ್ತೊಂಬತ್ತನೆಯ ವಯಸ್ಸಿಗೆ ಟ್ಯಾಮರಾಕ್‌ನಲ್ಲಿ ರೈಲು ಇಳಿದಾಗ ಅವಳ ಒಂದು ಕೈಯಲ್ಲಿ ತಗಡಿನ ಪೆಟ್ಟಿಗೆ, ಇನ್ನೊಂದರಲ್ಲಿ ರೊಟ್ಟಿಯ ಹುಳಿಹಿಟ್ಟಿನ ಭರಣಿ ಇತ್ತು. ಹಳಿ ರಿಪೇರಿ ಮಾಡುವ ಗ್ಯಾಂಗಿಗೆ ಅಡುಗೆ ಮಾಡಲು ಬಂದವಳು. ಒಂದು ಚಳಿಗಾಲ ಕಳೆದು ವಾಪಸು ಹೋಗುತ್ತೇನೆ ಅಂದುಕೊಂಡಿದ್ದಳಂತೆ. ಈಗ ಎಪ್ಪತ್ತೆಂಟು, ಇನ್ನೂ ಇಲ್ಲೇ ಇದ್ದಾಳೆ. ಟ್ಯಾಮರಾಕ್‌ಗೆ ಅಂದೂ ರಸ್ತೆ ಇರಲಿಲ್ಲ, ಇಂದೂ ಇಲ್ಲ. ವಾರಕ್ಕೆ ಮೂರು ಸಲ ಬರುವ ಎರಡು ಬೋಗಿಯ ರೈಲೇ ನಮಗೆ ಹಾಲು, ಟಪಾಲು, ಔಷಧಿ. ಹೆರಿಗೆಗೆ ಹೋಗುವುದೂ ಅದರಲ್ಲೇ, ಹೆಣ ಬರುವುದೂ ಅದರಲ್ಲೇ.

ಮದುವೆಯಾದದ್ದು ಗ್ಯಾಂಗಿನ ವೈಕ್ಕೊ ಕಾಂಟೋಲನನ್ನು. ವೈಕ್ಕೊನ ತಮ್ಮ ಉರ್ಹೋ ಅದೇ ಗ್ಯಾಂಗಿನ ಮೇಸ್ತ್ರಿ. ಅಣ್ಣ ಕಿತ್ತಳೆ ಬಣ್ಣದ ಪಕ್ಷ, ತಮ್ಮ ಕೆಂಪು. ಒಟ್ಟಾವಾದ ಸಂಸತ್ತಿಗೆ ಚುನಾವಣೆ ಬಂತೆಂದರೆ ಅಕ್ಕಪಕ್ಕದ ಎರಡು ಅಂಗಳದಲ್ಲಿ ಎರಡು ಬಣ್ಣದ ಫಲಕ ಏಳುತ್ತಿದ್ದವು. ಊಟದ ಮೇಜಿನ ಮೇಲೆ ಅಣ್ಣತಮ್ಮಂದಿರ ಜಗಳ ಎಷ್ಟಿತ್ತೆಂದರೆ ಸೂಪು ತಣ್ಣಗಾಗುತ್ತಿತ್ತು, ಐಲಿ ಇಬ್ಬರಿಗೂ ಬೈಯುತ್ತಿದ್ದಳು. ಆದರೆ ಎಣಿಕೆ ಮುಗಿದ ಮಾರನೆಯ ದಿನ ಇಬ್ಬರೂ ಸೌನಾ ಅನ್ನುವ ಒಂದೇ ಬಿಸಿಹಬೆಯ ಕೋಣೆಯಲ್ಲಿ ಬೆವರಿಕೊಂಡು ಕೂತಿರುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ವೈಕ್ಕೊ ತೀರಿಕೊಂಡ ಮೇಲೆ ಕಿತ್ತಳೆ ಫಲಕವನ್ನು ಐಲಿಯೇ ನೆಡತೊಡಗಿದಳು. ಗೂಟ ಹೊಡೆಯಲು ಸುತ್ತಿಗೆ ಹಿಡಿದು ಬರುತ್ತಿದ್ದವನು ಉರ್ಹೋನೇ. ವಿರೋಧಿ ಪಕ್ಷದ ಗೂಟಕ್ಕೆ ನನ್ನ ಬೆನ್ನು ಮುರೀತು ಅಂತ ಗೊಣಗಿಕೊಂಡೇ ಹೊಡೆಯುತ್ತಿದ್ದ.

ಈ ಸಲದ ಚುನಾವಣೆ ಹಾಗಿರಲಿಲ್ಲ. ನೀಲಿ ಪಕ್ಷದ ಅಭ್ಯರ್ಥಿ ಬಾಯಿಬಿಟ್ಟೇ ಹೇಳಿದ್ದ, ಅರವತ್ತು ಜನರಿಗೋಸ್ಕರ ಒಂದು ರೈಲು ಓಡಿಸುವುದು ದಂಡ, ಗೆದ್ದರೆ ನಿಲ್ಲಿಸುತ್ತೇವೆ ಅಂತ. ಕೆಂಪಿನವರೂ ಕಿತ್ತಳೆಯವರೂ ಉಳಿಸುತ್ತೇವೆ ಅಂದಿದ್ದರು. ನಮ್ಮ ಕ್ಷೇತ್ರದಲ್ಲಿ ಆ ಇಬ್ಬರ ಓಟು ಸೇರಿದರೆ ನೀಲಿಗಿಂತ ಎಷ್ಟೋ ಜಾಸ್ತಿ. ಒಡೆದರೆ ನೀಲಿಯೇ ಗೆಲ್ಲುವುದು. ಇದು ಮಕ್ಕಳಿಗೂ ಗೊತ್ತಿದ್ದ ಲೆಕ್ಕ.

ಅದಕ್ಕೇ ಆಗಸ್ಟ್ ತಿಂಗಳಲ್ಲಿ ಎರಡೂ ಪಕ್ಷದ ಸ್ಥಳೀಯರು ಟ್ಯಾಮರಾಕ್‌ನ ಹಾಲ್‌ನಲ್ಲಿ ಸೇರಿದರು. ಇಲ್ಲಿ ಕಿತ್ತಳೆಯವರು ನಿಲ್ಲುವುದು ಬೇಡ, ಪಕ್ಕದ ಕ್ಷೇತ್ರದಲ್ಲಿ ಕೆಂಪಿನವರು ನಿಲ್ಲುವುದು ಬೇಡ, ಇಷ್ಟೇ ಒಪ್ಪಂದ. ಮೂರು ತಾಸು ಮಾತಾಡಿ ಎಲ್ಲ ಒಪ್ಪಿಯೂ ಆಗಿತ್ತು. ಮುರಿದದ್ದು ಎಲ್ಲಿ ಗೊತ್ತೇ? ಹಿಂದೆ ಸರಿಯುವ ಮಾತನ್ನು ಮೊದಲು ಯಾರು ಹೇಳಬೇಕು ಅನ್ನುವಲ್ಲಿ. ನೀವು ಇಂದು ಹೇಳಿ, ನಾವು ಒಂದು ವಾರ ಬಿಟ್ಟು ಹೇಳುತ್ತೇವೆ ಅಂದರು ಕೆಂಪಿನವರು. ಒಂದೇ ದಿನ ಹೇಳೋಣ, ಆಮೇಲೆ ನೀವು ಕೈ ಕೊಟ್ಟರೆ ನಾವೇನು ಮಾಡೋಣ ಅಂದಳು ಐಲಿ. ನಗಬೇಕೋ ಅಳಬೇಕೋ ನೀವೇ ಹೇಳಿ. ಆ ಒಂದು ವಾರದ ಮೇಲೆ ಹಿರಿಯರೆಲ್ಲ ಕುರ್ಚಿ ಸರಿಸಿ ಎದ್ದು ನಿಂತರು.

ಉರ್ಹೋನ ನಾಲಿಗೆ ಜಾರಿದ್ದು ಆಗಲೇ.

"ವೈಕ್ಕೊ ಇದ್ದಿದ್ರೆ ಒಪ್ಕೋತಿದ್ದ. ಅವನಿಗೆ ಬುದ್ಧಿ ಇತ್ತು. ನಿಮ್ಮ ಪಕ್ಷ ಅವನ ಜೊತೇನೇ ಮಣ್ಣಾಯ್ತು, ಐಲಿ. ಈಗಿರೋದು ಬರೀ ಫಲಕ."

ಐಲಿಯ ಮುಖ ಕೆಂಪೇರಿತು. ಸತ್ತವನನ್ನು ಮಾತಿಗೆ ಎಳೆದದ್ದು ಅವಳಿಗೆ ಎದೆಗೇ ನಾಟಿತು.

"ಮಣ್ಣಾಯ್ತಾ? ಜಿಸೆಲ್ ನಿಲ್ತಾಳೆ. ನೋಡ್ತಾ ಇರು."

ಜಿಸೆಲ್ ತಿಬೋ ಹಾಲ್‌ನ ಹಿಂದುಗಡೆ ಎಲ್ಲರಿಗೂ ಕಾಫಿ ಬಗ್ಗಿಸುತ್ತಿದ್ದಳು. ಊರಿನ ಏಕೈಕ ಅಂಗಡಿ ಅವಳದು. ಅವಳ ತಾಯಿ ಐಲಿಯ ಅಡುಗೆಬೋಗಿಯಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಹುಡುಗಿ ಅಲ್ಲೇ ಮೇಜಿನ ಕೆಳಗೆ ಆಲೂಗಡ್ಡೆ ಚೀಲಗಳ ಮಧ್ಯೆ ಬೆಳೆದವಳು. ಐಲಿಗೆ ಮಕ್ಕಳಿಲ್ಲ, ಇದ್ದರೆ ಇವಳೇ. ನಿಲ್ಲುತ್ತೀಯಾ ಅಂತ ಯಾರೂ ಅವಳನ್ನು ಕೇಳಲಿಲ್ಲ. ಅವಳು ಕೆಟಲ್ ಕೆಳಗಿಟ್ಟು ಐಲಿಯ ಮುಖ ನೋಡಿದಳು, ಆಮೇಲೆ ತಲೆಯಾಡಿಸಿದಳು. ಐಲಿ ಆಂಟಿಯ ಮಾತು ನಾಲ್ಕು ಜನರೆದುರು ಬಿದ್ದುಹೋಗಬಾರದು ಅನ್ನುವುದೊಂದೇ ಅವಳ ಮನಸ್ಸಿನಲ್ಲಿದ್ದದ್ದು.

ಆಮೇಲಿನ ಒಂಬತ್ತು ವಾರ ಉರ್ಹೋ ಮತ್ತು ಐಲಿ ಮಾತು ಬಿಟ್ಟರು. ಐಲಿ ತನ್ನ ಗೂಟವನ್ನು ತಾನೇ ಹೊಡೆದಳು, ವಾರವಿಡೀ ತೋಳು ನೋಯಿಸಿಕೊಂಡಳು. ಜಿಸೆಲ್ ಅಂಗಡಿಯನ್ನು ನೆರೆಯವರಿಗೆ ಒಪ್ಪಿಸಿ ಊರೂರು ಅಲೆದಳು. ಜನ ಅವಳಿಗೆ ಬಾಗಿಲು ತೆರೆದು ಅಂದದ್ದು ಒಂದೇ ಮಾತು: ಓಟು ಒಡೆಯಲು ಬಂದೆಯಾ? ಪ್ರತಿ ವಾರವೂ ಸಮೀಕ್ಷೆ ಬಂತು. ನೀಲಿ ಮುಂದೆ, ಬೆನ್ನಿಗೇ ಕೆಂಪು, ಕಿತ್ತಳೆ ಎಲ್ಲೋ ಹಿಂದೆ. ಟ್ಯಾಮರಾಕ್‌ನವರು ಜಿಸೆಲ್‌ಗೆ ಮುಖಕ್ಕೇ ಹೇಳಿದರು, ನೀನು ನಮ್ಮವಳೇ, ಆದರೆ ನಮಗೆ ರೈಲು ಬೇಕು, ಕೆಂಪಿಗೆ ಹಾಕುತ್ತೇವೆ. ಅವರ ಮೇಲೆ ಅವಳು ಸಿಟ್ಟಾಗಲಿಲ್ಲ.

ಮತದಾನಕ್ಕೆ ನಾಲ್ಕು ದಿನ ಇರುವಾಗ ಜಿಸೆಲ್ ಒಂದು ಮಧ್ಯಾಹ್ನ ಐಲಿಯ ಮನೆಗೆ ಬಂದಳು. ಕೆನ್ನೆ ಒಳಗೆ ಹೋಗಿತ್ತು. ಐಲಿ ಏಲಕ್ಕಿ ಬನ್ನು ಮುಂದಿಟ್ಟಳು. ಜಿಸೆಲ್ ಅದನ್ನು ಮುರಿದಳು, ತಿನ್ನಲಿಲ್ಲ.

"ಸೋಲ್ತೀನಿ ಅಂತ ಗೊತ್ತು ಐಲಿ ಆಂಟಿ. ಅದಕ್ಕೆ ಬೇಜಾರಿಲ್ಲ. ನನ್ನ ಓಟು ನಾನು ಟೌನಲ್ಲೇ ಮುಂಚೆ ಹಾಕ್ಬಿಟ್ಟೆ, ಸೋಮವಾರ ನಾನು ಊರಲ್ಲಿರಲ್ಲ. ಇಲ್ಲಿನ ಪೆಟ್ಟಿಗೇಲಿ ನಿಮ್ಮದೊಂದು ಬಿದ್ರೆ ಸಾಕು. ನಾನು ಹುಟ್ಟಿದ ಊರಲ್ಲಿ ಸೊನ್ನೆ ಮಾತ್ರ ಬೇಡ."

"ಹುಚ್ಚೀ, ಅದನ್ನ ಕೇಳ್ಬೇಕಾ? ನಂದು ಬಿದ್ದೇ ಬೀಳುತ್ತೆ."

ಮಾತು ಕೊಟ್ಟಾಗ ಐಲಿ ಮನಸ್ಸಿಟ್ಟೇ ಕೊಟ್ಟಳು, ಅದರಲ್ಲಿ ಅನುಮಾನ ಬೇಡ. ಆದರೆ ಆ ನಾಲ್ಕು ದಿನ ಅವಳಿಗೆ ನೆಮ್ಮದಿ ಇರಲಿಲ್ಲ. ಶನಿವಾರದ ರೈಲಿನಲ್ಲಿ ಪಕ್ಕದ ಮನೆಯ ಬಸುರಿಯನ್ನು ಟೌನಿನ ಆಸ್ಪತ್ರೆಗೆ ಹತ್ತಿಸಿ ಬಂದವಳು ಅವಳೇ. ರೈಲು ಹೋದ ಮೇಲೂ ಬಹಳ ಹೊತ್ತು ಹಳಿ ನೋಡುತ್ತಾ ನಿಂತಿದ್ದಳು. ತನ್ನ ಒಂದು ಸಿಟ್ಟಿನ ಮಾತಿಗೆ ಈ ಊರೇ ಮುಳುಗುವುದಾದರೆ ಸತ್ತ ಮೇಲೆ ವೈಕ್ಕೊಗೆ ಏನೆಂದು ಮುಖ ತೋರಿಸಲಿ ಅನ್ನಿಸಿತು.

ಸೋಮವಾರ ಹಾಲ್‌ನಲ್ಲಿ ರಟ್ಟಿನ ಮರೆಯ ಹಿಂದೆ ಮೊಂಡು ಪೆನ್ಸಿಲು ಹಿಡಿದು ಐಲಿ ನಿಂತಳು. ಕಾಗದದಲ್ಲಿ ಮೂರು ಹೆಸರು, ಮೂರು ದುಂಡನೆಯ ಬಿಳಿ ಮನೆ. ತಿಬೋ ಅನ್ನುವ ಹೆಸರಿನ ಮೇಲೆ ಬೆರಳಿಟ್ಟಳು. ಐವತ್ತೇಳು ವರ್ಷ ಅವಳ ಕೈ ಕಿತ್ತಳೆ ಬಿಟ್ಟು ಎತ್ತಲೂ ಹೋದದ್ದಿಲ್ಲ. ಆಮೇಲೆ ಬೆರಳು ತೆಗೆದು, ಕಣ್ಣೊರೆಸಿಕೊಂಡು, ಕೆಂಪಿನವನ ಮುಂದೆ ಗುರುತು ಹಾಕಿದಳು. ಕಾಗದವನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು.

ಸಂಜೆ ಎಣಿಕೆಗೆ ಅವಳು ಕೂರಲೇಬೇಕಿತ್ತು. ಕಿತ್ತಳೆ ಪಕ್ಷದ ಏಜೆಂಟು ಅವಳೇ. ಮೇಜಿನ ಆಚೆ ಬದಿಗೆ ಕೆಂಪಿನ ಏಜೆಂಟು ಉರ್ಹೋ. ನೀಲಿಯವರು ಯಾರನ್ನೂ ಕಳಿಸಿರಲಿಲ್ಲ. ಟೌನಿನಿಂದ ಬಂದಿದ್ದ ಅಧಿಕಾರಿಣಿ ಒಂದೊಂದೇ ಕಾಗದ ಬಿಡಿಸಿ, ಹೆಸರು ಓದಿ, ಇಬ್ಬರಿಗೂ ತೋರಿಸಿ ಪಕ್ಕಕ್ಕಿಡುತ್ತಿದ್ದಳು. ಕೆಂಪು, ಕೆಂಪು, ನೀಲಿ, ಕೆಂಪು. ಐಲಿಯ ಮುಂದಿನ ಹಾಳೆಯಲ್ಲಿ ಕಿತ್ತಳೆಯ ಸಾಲು ಖಾಲಿಯೇ ಇತ್ತು. ಅದು ಖಾಲಿಯೇ ಉಳಿಯುತ್ತದೆ ಅಂತ ಅವಳಿಗೆ ಗೊತ್ತಿತ್ತು, ಅಧಿಕಾರಿಣಿ ಫೋನಿನಲ್ಲಿ ಟೌನಿಗೆ ಅಂಕಿ ಹೇಳಿದರೆ ರಾತ್ರಿಯೇ ಜಿಸೆಲ್‌ಗೂ ಗೊತ್ತಾಗುತ್ತದೆ ಅಂತಲೂ.

ಮೂವತ್ತೊಂದನೆಯ ಕಾಗದ ಬಿಡಿಸಿ ಅಧಿಕಾರಿಣಿ "ತಿಬೋ" ಅಂದಳು.

ಐಲಿ ತಲೆಯೆತ್ತಿದಳು. ಕಾಗದದಲ್ಲಿ ಎಲ್ಲರಂತೆ ಕತ್ತರಿ ಗುರುತು, ಆದರೆ ಅದರ ಕೆಳಗೆ ಒಂದು ಗಿಡ್ಡ ಅಡ್ಡಗೆರೆ. ಮೂವತ್ತು ವರ್ಷ ಅಡುಗೆಬೋಗಿಯ ಕಿಟಕಿಯಿಂದ ಅವಳು ಆ ಗುರುತನ್ನು ನೋಡಿದ್ದಳು. ಹಳಿಯ ಕೆಳಗಿನ ಅಡ್ಡಮರ, ಅಂದರೆ ಸ್ಲೀಪರ್, ಕೊಳೆತದ್ದು ಕಂಡರೆ ಮೇಸ್ತ್ರಿ ಬಗ್ಗಿ ಸೀಮೆಸುಣ್ಣದಲ್ಲಿ ಕತ್ತರಿ ಹಾಕಿ, ಕೆಳಗೊಂದು ಗೆರೆ ಎಳೆಯುತ್ತಿದ್ದ; ಹಿಂದೆ ಬರುವ ಗ್ಯಾಂಗು ಅದನ್ನು ಕಿತ್ತು ಹೊಸದು ಹಾಕಬೇಕು ಅಂತ ಅದರ ಅರ್ಥ. ಆ ಗೆರೆ ಎಳೆಯುತ್ತಿದ್ದ ಮೇಸ್ತ್ರಿ ಈ ಹಳಿಯುದ್ದಕ್ಕೂ ಒಬ್ಬನೇ, ಉರ್ಹೋ.

ಗುರುತು ಸ್ವಲ್ಪ ಬೇರೆ ಥರ ಇದೆ, ಆಕ್ಷೇಪಣೆ ಇದೆಯಾ ಅಂತ ಅಧಿಕಾರಿಣಿ ಕೆಂಪಿನ ಏಜೆಂಟನ್ನು ಕೇಳಿದಳು. ಉರ್ಹೋ ತಲೆ ತಗ್ಗಿಸಿ, ಇಲ್ಲ ಅಂದ.

ನಲವತ್ತೆಂಟು ಕಾಗದ ಮುಗಿದವು. ಕೆಂಪಿಗೆ ನಲವತ್ತೊಂದು, ನೀಲಿಗೆ ಆರು, ಕಿತ್ತಳೆಗೆ ಒಂದು. ಉರ್ಹೋ ಖಾಲಿ ಪೆಟ್ಟಿಗೆಯನ್ನೊಮ್ಮೆ ನೋಡಿದ, ಇನ್ನೊಂದು ಎಲ್ಲಾದರೂ ಅಂಟಿಕೊಂಡಿದೆಯೇನೋ ಅನ್ನುವ ಹಾಗೆ. ಆಮೇಲೆ ಐಲಿಯನ್ನು ನೋಡಿದ. ಎರಡಿರಬೇಕಿತ್ತು, ಒಂದೇ ಇದೆ. ಅವನಿಗೂ ಅರ್ಥವಾಯಿತು. ಇಬ್ಬರೂ ತಂತಮ್ಮ ಹಾಳೆಗೆ ಸಹಿ ಹಾಕಿ, ಒಬ್ಬರ ಹಿಂದೊಬ್ಬರು ಮನೆಗೆ ಹೋದರು.

ಕ್ಷೇತ್ರದಲ್ಲಿ ನೀಲಿ ಇನ್ನೂರ ಹನ್ನೆರಡು ಓಟಿನಿಂದ ಗೆದ್ದಿತು. ಜಿಸೆಲ್‌ಗೆ ಬಿದ್ದದ್ದು ಮೂರು ಸಾವಿರ ಚಿಲ್ಲರೆ. ರೇಡಿಯೊದಲ್ಲಿ ಅಂಕಿ ಕೇಳಿದ ಮೇಲೆ ಯಾರೂ ಯಾರಿಗೂ ಲೆಕ್ಕ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಂಗಳವಾರ ಬೆಳಗಿನ ರೈಲಿಗೆ ಊರಿನವರು ಎಂದಿನಂತೆ ಹಾಲಿಗೂ ಟಪಾಲಿಗೂ ಬಂದಿದ್ದರು. ಜಿಸೆಲ್ ಕಂಕುಳಲ್ಲಿ ಫಲಕಗಳ ಕಟ್ಟು ಇಟ್ಟುಕೊಂಡು ಇಳಿದಳು. ಜನ ಟಪಾಲು ಚೀಲದ ಕಡೆ ತಿರುಗಿಕೊಂಡರು. ಅವಳು ಯಾರನ್ನೂ ನೋಡದೆ ನೇರ ಐಲಿಯ ಹತ್ತಿರ ಬಂದು ಅವಳ ಹೆಗಲಿಗೆ ಹಣೆ ಇಟ್ಟಳು.

"ಆ ಒಂದು ಓಟು ಸಾಕು ಐಲಿ ಆಂಟಿ. ರಾತ್ರಿಯೆಲ್ಲ ಅದನ್ನೇ ನೆನೆಸ್ಕೊಂಡೆ. ಊರೆಲ್ಲಾ ಕೈಬಿಟ್ರೂ ನೀವು ಬಿಡಲಿಲ್ಲ."

ಐಲಿ ಸುಮ್ಮನಿದ್ದುಬಿಡಬಹುದಿತ್ತು. ಮೂರು ಹೆಜ್ಜೆ ಆಚೆ ಉರ್ಹೋ ನಿಂತು ತನ್ನ ಬೂಟು ನೋಡುತ್ತಿದ್ದ. ಅವನು ಸಾಯುವ ತನಕ ಬಾಯಿಬಿಡುವ ಜಾಯಮಾನದವನಲ್ಲ. ಆ ಹುಡುಗಿಯ ತಲೆಯ ಭಾರ ಹೆಗಲ ಮೇಲಿರುವಾಗ ಸುಳ್ಳೇ ಸುಲಭವಾಗಿತ್ತು. ಐಲಿಗೆ ಆಗಲಿಲ್ಲ.

"ಅದು ನಂದಲ್ಲ, ಮಗಳೇ. ನಾನು ಕೆಂಪಿಗೆ ಹಾಕ್ದೆ. ರೈಲು ಹೋಗ್ಬಿಡುತ್ತೆ ಅಂತ ಹೆದರಿ, ನಿಂಗೆ ಕೊಟ್ಟ ಮಾತು ತಪ್ಪಿದೆ. ಅದು ಉರ್ಹೋದು."

ಜಿಸೆಲ್ ಹಿಂದೆ ಸರಿದಳು. ಉರ್ಹೋನನ್ನು ನೋಡಿದಳು. ಅವನು ಟೋಪಿ ತೆಗೆದ.

"ವೈಕ್ಕೊ ಹೆಸರಲ್ಲೂ ಒಂದು ಇರ್ಲಿ ಅಂತ ಹಾಕ್ದೆ. ಅವತ್ತು ನಾನು ಹಾಗೆ ಅನ್ನಬಾರ್ದಿತ್ತು. ಐಲಿದು ಹೇಗೂ ಇರುತ್ತೆ, ನಂದೂ ಸೇರಿ ಎರಡಾಗ್ಲಿ ಅಂತಿದ್ದೆ."

ಜಿಸೆಲ್ ಇಬ್ಬರನ್ನೂ ನೋಡಿದಳು. ಅವಳ ದನಿ ಏರಲಿಲ್ಲ.

"ಆಗಸ್ಟಲ್ಲಿ ನಾನು ಹಿಂದೆ ನಿಂತು ಕಾಫಿ ಬಗ್ಗಿಸ್ತಾ ಇದ್ದೆ. ಒಬ್ಬರಿಗೊಬ್ಬರು ಇಷ್ಟು ಬಿಟ್ಟುಕೊಡೋರು, ಅವತ್ತೇ ಒಂದು ವಾರ ಬಿಟ್ಟುಕೊಟ್ಟಿದ್ರೆ ಆಗ್ತಿತ್ತು. ಊರೂರ ಬಾಗಿಲಲ್ಲಿ ನಾನು ಬೈಸ್ಕೊಳ್ಳೋದು ತಪ್ತಿತ್ತು. ರೈಲೂ ಉಳೀತಿತ್ತು."

ಫಲಕದ ಕಟ್ಟನ್ನು ನೆಲಕ್ಕೆ ಇಟ್ಟು ಅವಳು ಅಂಗಡಿಯತ್ತ ನಡೆದಳು. ಬಾಗಿಲು ಹಾಕಿ ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಪ್ಲಾಟ್‌ಫಾರ್ಮಿಗೇ ಕೇಳಿತು. ರೈಲು ಹೊರಟಿತು. ಜನ ಚದುರಿದರು.

ಉರ್ಹೋ ಕಟ್ಟು ಎತ್ತಲು ಹೋದ, ಬೆನ್ನು ಬಗ್ಗಲಿಲ್ಲ. ಐಲಿ ಇನ್ನೊಂದು ತುದಿ ಹಿಡಿದಳು. ಎಲ್ಲಿಗೆ ಅಂತ ಅವನು ಕೇಳಿದ. ಅವಳ ಅಂಗಡಿಗೇ, ಮತ್ತೆಲ್ಲಿಗೆ ಅಂದಳು. ಒಂಬತ್ತು ವಾರದ ಮೇಲೆ ಅವರಾಡಿದ ಮಾತು ಅಷ್ಟೇ. ಇಬ್ಬರೂ ಕಟ್ಟನ್ನು ಹೊತ್ತು ತಂದು ಅಂಗಡಿಯ ಮೆಟ್ಟಿಲ ಮೇಲೆ ಕೂತರು, ಬಾಗಿಲು ತಟ್ಟಲಿಲ್ಲ. ಗಾಳಿ ತಣ್ಣಗಿತ್ತು, ಮೊದಲ ಹಿಮದ ಹುಡಿ ಬೀಳತೊಡಗಿತ್ತು. ಉರ್ಹೋ ತನ್ನ ಟೋಪಿಯನ್ನು ಅವಳ ತಲೆಗೆ ಹಾಕಿದ, ಅವಳು ಬೇಡ ಅನ್ನಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಚಿಲಕ ತೆಗೆದ ಸದ್ದಾಯಿತು. ಬಾಗಿಲು ತೆರೆಯಲಿಲ್ಲ, ಚಿಲಕ ಮಾತ್ರ ತೆಗೆದಿತ್ತು. ಐಲಿ ಮೊಣಕಾಲು ಹಿಡಿದುಕೊಂಡು ಎದ್ದು ನಿಂತಳು.