ಹಾಲು ಕರೆಯುವ ಮಷೀನು ಬಂದಾಗ

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ಇವತ್ತು ನೀವು ಡೈರಿ ಫಾರ್ಮಿನಲ್ಲಿ ಮೂಗು ಮುಚ್ಚಿಕೊಂಡು ಜಪಾನಿಯಲ್ಲಿ "ಕುಸಾಯ್!" ಅಂದಿರಲ್ಲ, ಆ ನಾತ ನನ್ನ ಕೈಗೇ ಅಂಟಿಕೊಂಡಿತ್ತು. ಅಮ್ಮನಿಗೆ ಮಣಿಕಟ್ಟಿನ ನೋವು. ಹಾಗಾಗಿ ಗೌರಿ ಹಸುವಿನ ಹಾಲು ಕರೆದಿಟ್ಟೇ ನಾನು ಸ್ಕೂಲಿಗೆ ಓಡಬೇಕಿತ್ತು. ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಹಸಿಹಾಲು, ಸಗಣಿಯ ವಾಸನೆ ಹೋಗುತ್ತಿರಲಿಲ್ಲ. ಪಕ್ಕದ ಹುಡುಗಿ ಸರಿದು ಕೂತಾಗಲೆಲ್ಲ ಕೈಗಳನ್ನು ಲಂಗದಲ್ಲಿ ಬಚ್ಚಿಡುತ್ತಿದ್ದೆ.

ಆಗ ಅಪ್ಪ ಹಾಲು ಕರೆಯುವ ಮಷೀನು ತಂದರು. "ನಾಳೆಯಿಂದ ನಾನು ಹಸು ಮುಟ್ಟೋದೇ ಇಲ್ಲ, ಎಲ್ಲಾ ಮಷೀನೇ!" ಎಂದು ಇಡೀ ಕ್ಲಾಸಿಗೆ ಡಂಗುರ ಸಾರಿದೆ.

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಲಂಗ ಉಟ್ಟು ಹೊರಟು ನಿಂತೆ. ಕೊಟ್ಟಿಗೆಯಲ್ಲಿ ಅಕ್ಕಪಕ್ಕದವರೆಲ್ಲ ನೆರೆದಿದ್ದರು. ಅಪ್ಪ ಕೆಚ್ಚಲಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಸ್ವಿಚ್ ಒತ್ತಿದರು. ಮಷೀನು ಗುರ್ರೆಂದಿತು. ಗೌರಿ ಮಾತ್ರ ಒಂದು ಹನಿ ಹಾಲಿಳಿಸಲಿಲ್ಲ. ಅಪ್ಪನ ಮುಖ ಸಣ್ಣದಾಯಿತು.

"ಬಾರವ್ವ, ನೀನೊಂದ್ಸಲ ಕೈಯಾಡ್ಸು" ಎಂದರು.

ಲಂಗ ಎತ್ತಿಕಟ್ಟಿ ಕೂತೆ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕೆಚ್ಚಲು ಒರೆಸಿ ಮೆಲ್ಲಗೆ ನೀವಿದೆ. ಹಾಲು ಇಳಿಯಿತು, ಕೊಳವೆಯಲ್ಲಿ ಬೆಳ್ಳಗೆ ಹರಿಯಿತು. ಎಲ್ಲರೂ ಮಷೀನನ್ನು ಹೊಗಳಿದರು. ಗೌರಿ ಸಗಣಿ ಮೆತ್ತಿದ ಬಾಲದಿಂದ ನನ್ನ ಲಂಗಕ್ಕೆ ಬಾರಿಸಿದಳು.

ಸ್ಕೂಲಿಗೆ ತಡವಾಯಿತು. ಮೇಷ್ಟ್ರು ಲಂಗ ನೋಡಿ, "ಏನಮ್ಮಾ, ಮಷೀನ್ ಮುನಿಸ್ಕೊಂಡ್ತಾ?" ಎಂದರು. ಕ್ಲಾಸೆಲ್ಲ ಗೊಳ್ಳೆಂದಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗೌರಿಯ ಮೇಲೆ, ಅಪ್ಪನ ಮೇಲೆ, ಎಲ್ಲಕ್ಕಿಂತ ನನ್ನ ಕೈಗಳ ಮೇಲೆ ಸಿಟ್ಟು ಬಂತು. ಜಂಬ ಕೊಚ್ಚಿದ ಬಾಯಿಗೆ ಮಾತ್ರ ನಾನು ಏನೂ ಅನ್ನಲಿಲ್ಲ, ನೋಡಿ!

ನೀವಿರುವ ಜಪಾನಿನ ನಿಶಿ ಕಸಾಯಿಯಲ್ಲಿ ಹಾಲು ಕೊಂಬಿನಿ ಅಂಗಡಿಯ ತಣ್ಣನೆ ಡಬ್ಬಿಯಲ್ಲಿ ಬರುತ್ತದೆ, ಯಾರ ಕೈಯ ವಾಸನೆಯೂ ಇಲ್ಲದೆ. ಇವತ್ತಿನ ಫಾರ್ಮಿನಲ್ಲಂತೂ ಹಸುಗಳೇ ನಡೆದು ರೋಬೋ ಹತ್ತಿರ ಬಂದವು. ಆ ರೋಬೋ ಮೊದಲು ಏನು ಮಾಡಿತು? ಮೆತ್ತನೆ ಬ್ರಷ್ಷಿನಿಂದ ಕೆಚ್ಚಲು ಒರೆಸಿ ನೀವಿತು. ಕೊಳವೆ ಹಾಕಿದ್ದು ಆಮೇಲೆ.

"ಅಜ್ಜಿ, ಯಾಕೆ ಮಸಾಜ್ ಮಾಡ್ತಿದೆ?" ಎಂದು ನಿಮ್ಮಲ್ಲಿ ದೊಡ್ಡವಳು ಕೇಳಿದಳು.

"ಇಲ್ದಿದ್ರೆ ಹಾಲು ಇಳ್ಸಲ್ಲ ಕಣಮ್ಮ. ನಾನೂ ಹಾಗೇ ಮಾಡ್ತಿದ್ದೆ."

"ಹೊಂತೋ? ನಿಜವಾಗ್ಲೂ? ವಿತ್ ಯುವರ್ ಹ್ಯಾಂಡ್ಸ್? ತೋರ್ಸಿ!"

ನಾನು ತಟ್ಟನೆ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ಮೊಮ್ಮಕ್ಕಳಾದ ಮೇಲೂ! ರೋಬೋವಿನ ಬ್ರಷ್ಷನ್ನು ಎಲ್ಲರೂ ಬೆರಗಾಗಿ ನೋಡುತ್ತಿದ್ದರು. ಅದೇ ಕೆಲಸ ಮಾಡಿದ ಕೈಗಳನ್ನು ನಾನು ಅಡಗಿಸಿಕೊಂಡು ನಿಂತಿದ್ದೆ. ನಾಚಿಕೆಪಟ್ಟಿದ್ದಕ್ಕೇ ಈಗ ನಾಚಿಕೆಯಾಗುತ್ತಿದೆ.

ಬನ್ನಿ ಹತ್ತಿರ, ತೋರಿಸುತ್ತೇನೆ. ಮೂಗು ಮುಚ್ಚಿಕೊಳ್ಳುವುದಿದ್ದರೆ ಮುಚ್ಚಿಕೊಳ್ಳಿ.