ಬೊಂಡಾಸಿಗೆ ಇಪ್ಪತ್ತು ನಿಮಿಷ

ಮೀನಿನ ಅಡುಗೆ ಪುಸ್ತಕದ ಕರಡು ತಿದ್ದೋಕೆ ಮೀನು ತಿಂದಿರಬೇಕಾಗಿಲ್ಲ ಅಂತ ನಾನು ನಂಬಿದ್ದೆ. ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ ಕೂತು ಬೊಂಡಾಸ್ ಅಧ್ಯಾಯ ಓದುತ್ತಿದ್ದೆ. ಬೊಂಡಾಸ್ ಅಂದರೆ ಸ್ಕ್ವಿಡ್, ಹತ್ತು ಕಾಲಿನ ಸಮುದ್ರಜೀವಿ ಅಂತ ಅಲ್ಲೇ ಬರೆದಿತ್ತು. ಒಂದು ಪುಟದಲ್ಲಿ ಕಾವಲಿ ಮೇಲೆ ಎರಡು ನಿಮಿಷ ಹುರಿಯಿರಿ ಅಂತಿದೆ, ಮುಂದಿನ ಪುಟದಲ್ಲಿ ಮಸಾಲೆಯಲ್ಲಿ ನಲವತ್ತು ನಿಮಿಷ ಬೇಯಿಸಿ ಅಂತಿದೆ. ಒಂದೇ ಪ್ರಾಣಿ, ಎರಡು ಲೆಕ್ಕ! ಲೇಖಕಿಗೆ ಮರೆವು ಅಂದುಕೊಂಡು ಎರಡೂ ಕಡೆ ‘ಇಪ್ಪತ್ತು ನಿಮಿಷ’ ಅಂತ ತಿದ್ದಿ ಕಳಿಸಿದೆ.

ಎರಡು ದಿನ ಬಿಟ್ಟು ಮಲ್ಲೇಶ್ವರದಿಂದ ಲೇಖಕಿಯೇ ಬಂದರು. ಕುಂದಾಪುರದ ಕಡೆಯವರು, ಅರವತ್ತು ದಾಟಿದವರು. ಮೇಜಿನ ಮೇಲೆ ಸ್ಟೀಲ್ ಡಬ್ಬಿ ಇಟ್ಟರು.

“ನೀವು ತಿದ್ದಿದ ಹಾಗೇ ಮಾಡಿ ತಂದಿದೀನಿ, ತಿನ್ನಿ.”

“ನಾವು ತಿನ್ನಲ್ಲಮ್ಮ...”

“ಹಾಗಾದ್ರೆ ಒತ್ತಿ ನೋಡಿ.”

ಹಿಂಜರಿಯುತ್ತಲೇ ಒಂದು ತುಂಡನ್ನು ಬೆರಳಲ್ಲಿ ಒತ್ತಿದೆ. ಹವಾಯಿ ಚಪ್ಪಲಿ ಒತ್ತಿದ ಹಾಗಿತ್ತು.

“ಸಣ್ಣದು, ತೆಳ್ಳಗಿರೋದು ಎರಡೇ ನಿಮಿಷಕ್ಕೆ ಆಗೋಯ್ತು. ಮೀರಿದ್ರೆ ಗಟ್ಟಿಯಾಗುತ್ತೆ. ದೊಡ್ಡದು, ದಪ್ಪಗಿರೋದು ನಲವತ್ತು ನಿಮಿಷ ಬೆಂದ್ಮೇಲೆ ಮತ್ತೆ ಮೆತ್ತಗಾಗುತ್ತೆ.”

“ಮಧ್ಯದಲ್ಲಿ?”

“ಮಧ್ಯದಲ್ಲಿ ನಿಮ್ಮ ಇಪ್ಪತ್ತು ನಿಮಿಷ ಇದೆಯಲ್ಲ, ಅದೇ ಈ ಡಬ್ಬಿ.”

ಬೇಯಿಸಿದಷ್ಟೂ ಮೆತ್ತಗಾಗುವ ಬೇಳೆ ಮಾತ್ರ ಕಂಡವನು ನಾನು. ಬೆಂದು ಗಟ್ಟಿಯಾಗಿ, ಇನ್ನಷ್ಟು ಬೆಂದು ಮೆತ್ತಗಾಗುವ ಪದಾರ್ಥ ತಲೆಗೆ ಇಳಿಯಲೇ ಇಲ್ಲ. ಆದರೂ ಅವರೆದುರಿಗೇ ಹಳೆಯ ಎರಡೂ ಅಂಕಿ ವಾಪಸ್ ಬರೆದೆ.

ಕೊನೆಯ ಪುಟದಲ್ಲಿ ಅನ್ನಕ್ಕೆ ಮೂರು ವಿಷಲ್ ಅಂತಿತ್ತು. ನಮ್ಮನೇಲಿ ದಿನಾ ಕುಕ್ಕರ್ ಇಡೋದು ನಾನೇ. ಆದರೂ ಯಾಕೋ ಧೈರ್ಯ ಸಾಲದೆ ಹೆಂಡತಿಗೆ ಫೋನ್ ಮಾಡಿ ಕೇಳಿದೆ.