ಮಿಶ್ರಿ ಹುರಿಯುವ ಹಂಚು

ಶ್ರಾವಣ ಶುದ್ಧ ಚೌತಿ, ಬೆಳಿಗ್ಗೆ ಏಳು ಗಂಟೆ. ಗಡಹಿಂಗ್ಲಜದಲ್ಲಿ ತಂಗಿಯ ಮನೆಯ ಹಿತ್ತಿಲು. ಇದ್ದವರು ನಾನು, ನನ್ನ ತಂಗಿ, ಮತ್ತು ಗೋಡೆಯಾಚೆಯ ಮನೆಯಿಂದ ಬಂದ ಅವಳ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ. ನೆಗೆಣ್ಣಿಯ ಸೆರಗಿನಡಿ ಕಾಗದದ ಪೊಟ್ಟಣವಿತ್ತು. ಬಿಚ್ಚುವ ಮೊದಲೇ ವಾಸನೆ ಹೇಳಿತು: ತಂಬಾಕು.

"ನಾಳಿ ಪಂಚಮಿ, ಒಲಿ ಮ್ಯಾಲ ಹಂಚ ಇಡಂಗಿಲ್ಲ. ಇವತ್ತ ಇಷ್ಟ ಹುರದ ಕೊಡ ತಂಗೆವ್ವಾ."

"ಆಕಿ ಮಿಶ್ರಿ ಬಿಟ್ಟಾಳ," ಎಂದೆ ನಾನು.

"ಗೊತ್ತೈತ್ರಿ ಸಿಸ್ಟರಬಾಯಿ. ನಾ ಏನ ತಿಕ್ಕು ಅನ್ನಾಕತ್ತಿಲ್ಲ, ಹುರಿ ಅನ್ನಾಕತ್ತೇನಿ. ಹುರಿಯಾಕ ಬಾಯಿ ಬೇಕೇನ್ರಿ? ಕೈ ಸಾಕು."

ನನ್ನ ಮೈಯೆಲ್ಲ ಉರಿದುಹೋಯಿತು.

ನಮ್ಮ ಕಡೆ ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡುತ್ತಾರೆ. ಅದೇ ಮಿಶ್ರಿ. ಹೆಂಗಸರು ಬೆಳಿಗ್ಗೆ ಅದನ್ನು ಬೆರಳಿಗೆ ಹಚ್ಚಿಕೊಂಡು ಹಲ್ಲು ತಿಕ್ಕುತ್ತಾರೆ. ಹಲ್ಲು ತಿಕ್ಕುವುದು ನೆಪ. ಮಧ್ಯಾಹ್ನ ಮತ್ತೆ, ಸಂಜೆ ಮತ್ತೆ, ಯಾರಾದರೂ ಬೈದರೆ ಮತ್ತೆ. ಗಂಡಸರು ಕುಡಿದರೆ ಅದಕ್ಕೆ ಚಟ ಎನ್ನುವ ಊರು ಇದಕ್ಕೆ ಹೆಸರನ್ನೇ ಇಟ್ಟಿಲ್ಲ.

ತಂಗಿ ಮಿಶ್ರಿ ಹುರಿಯುವುದರಲ್ಲಿ ಓಣಿಗೇ ಹೆಸರಾದವಳು. ಹೊಗೆಯ ಬಣ್ಣ ನೋಡಿಯೇ ಹಂಚು ಇಳಿಸುತ್ತಿದ್ದಳು. ಇಚಲಕರಂಜಿಯಲ್ಲಿರುವ ಬೀಗಿತ್ತಿ ಕೂಡ ಖಾಲಿ ಡಬ್ಬಿ ಕಳಿಸಿ ತುಂಬಿಸಿಕೊಳ್ಳುತ್ತಿದ್ದಳು. ಬೆಳಗಾದರೆ ಈ ಹಿತ್ತಿಲ ಕಟ್ಟೆಯ ಮೇಲೆ ಹೆಂಗಸರ ಸಾಲು. ಸೊಸೆಯ ದೂರು, ಮೊಣಕಾಲಿನ ನೋವು, ನಗು, ಎಲ್ಲ ಇಲ್ಲೇ.

ಈಗ ಅವಳ ಕೆನ್ನೆಯೊಳಗೆ ಬಿಳಿ ಮಚ್ಚೆ ಎದ್ದಿದೆ. ಕೊಲ್ಹಾಪುರದಲ್ಲಿ ನಾನೇ ತೋರಿಸಿದೆ. ಬಿಟ್ಟರೆ ಇಳಿಯಬಹುದು, ಬಿಡದಿದ್ದರೆ ಮುಂದೆ ಕತ್ತರಿಸಬೇಕಾದೀತು, ಹಬ್ಬ ಮುಗಿಸಿ ಮತ್ತೆ ಬನ್ನಿ ಎಂದರು ಡಾಕ್ಟರು. ಹೇಗೆ ಬಿಡಬೇಕು ಎಂದು ತಂಗಿ ಕೇಳಿದ್ದಕ್ಕೆ "ಮನ ಘಟ್ಟ ಕರಾ, ಮಾವಶಿ" ಎಂದು ಹೇಳಿ ಮುಂದಿನ ರೋಗಿಯನ್ನು ಕರೆದರು. ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಂತೆ! ನಾನು ನಿವೃತ್ತಿಯವರೆಗೆ ಆಸ್ಪತ್ರೆಯ ವಾರ್ಡು ನಡೆಸಿದವಳು. ಸಕ್ಕರೆ ಕಾಯಿಲೆಯವನ ತಲೆದೆಸೆಯಲ್ಲಿ ಪೇಢೆಯ ಪೆಟ್ಟಿಗೆ ಇಟ್ಟು 'ಮನಸ್ಸು ಗಟ್ಟಿ ಮಾಡು' ಎಂದು ನಾನೆಂದೂ ಹೇಳಲಿಲ್ಲ. ಮೊದಲು ಪೆಟ್ಟಿಗೆ ಎತ್ತಿಸಿದೆ. ಚಟ ಇರುವುದು ಮನಸ್ಸೊಂದರಲ್ಲೇ ಅಲ್ಲ. ಹೊತ್ತಿನಲ್ಲಿದೆ, ಕೂರುವ ಕಟ್ಟೆಯಲ್ಲಿದೆ, ಹೊಗೆಯ ವಾಸನೆಯಲ್ಲಿದೆ. ಬುದ್ಧಿ ಹೇಳಲು ಊರೆಲ್ಲ ಮುಂದೆ ಬರುತ್ತದೆ. ಡಬ್ಬಿ ಎತ್ತಿಡಲು ಒಬ್ಬರೂ ಇಲ್ಲ.

ಎದುರು ಮನೆಯ ಯಜಮಾನ ಕುಡಿತ ಬಿಟ್ಟು ತುಳಸಿಮಾಲೆ ಹಾಕಿಕೊಂಡಾಗ ಇದೇ ಓಣಿ ಅವನನ್ನು 'ಮಾಳಕರಿ', ಅಂದರೆ ಮಾಲೆ ತೊಟ್ಟ ಭಕ್ತ, ಎಂದು ಕರೆದು ಗೌರವಿಸಿತು. ಹಳೆಯ ಗೆಳೆಯರು ಕೂಡ ಅವನೆದುರು ಬಾಟಲಿ ತೆರೆಯುವುದಿಲ್ಲ. ಮಿಶ್ರಿ ಬಿಟ್ಟ ಹೆಣ್ಣಿನ ಕೊರಳಿಗೆ ಯಾವ ಮಾಲೆಯೂ ಇಲ್ಲ. ಅವಳ ಮುಂದೆ ತಂಬಾಕಿನ ಪೊಟ್ಟಣ ಬಿಚ್ಚಬಹುದು. ಹುರಿದು ಕೊಡು ಎನ್ನಬಹುದು.

ಇದನ್ನೆಲ್ಲ ನಾನು ಅಲ್ಲೇ ಹೇಳಿದೆ, ಏರಿದ ದನಿಯಲ್ಲೇ. ನೆಗೆಣ್ಣಿ ನಕ್ಕಳು.

"ಬಾಯಾರ, ಇದೇನ ದವಾಖಾನಿ ಅಲ್ಲರಿ."

ತಂಗಿಯ ತೋರುಬೆರಳು ಹೆಬ್ಬೆರಳನ್ನು ತಾನಾಗಿಯೇ ಉಜ್ಜುತ್ತಿತ್ತು. ಆಮೇಲೆ ಎದ್ದು ಬಚ್ಚಲ ಹಿಂದೆ ಮೊಳೆಗೆ ನೇತುಹಾಕಿದ್ದ ಮಿಶ್ರಿಯ ಹಂಚು ತಂದಳು. ಹುರಿಯಲಿಕ್ಕೇ ಕೂರುತ್ತಾಳೆ ಎಂದುಕೊಂಡೆ. ಅವಳು ಅದನ್ನು ನೆಗೆಣ್ಣಿಯ ಕೈಯಲ್ಲಿಟ್ಟಳು.

"ಒಯ್ರಿ ವೈನಿ. ಇನ್ನಮ್ಯಾಲ ಇದು ನಿಮ್ಮನ್ಯಾಗ ಇರ್ಲಿ."

"ಅಯ್ಯ, ನನ್ನ ಕೈಲೆ ಹೊತ್ತತೈತಿ!"

"ಹೊತ್ತಲಿ. ನಾ ಕಲಿಯೂಮುಂದನೂ ಹೊತ್ತಿತ್ತು. ನಿಮ್ಮ ಶೇಂಗಾ ತರ್ರಿ, ಜ್ವಾಳಾ ತರ್ರಿ, ಎಷ್ಟ ಬೇಕಾದ್ರೂ ಹುರದ ಕೊಡ್ತೇನಿ. ಇದೊಂದ ಆಗಂಗಿಲ್ಲ."

"ಅಕ್ಕ ಬಂದ ಮ್ಯಾಲ ಭಾಳ ಶಾಣ್ಯಾ ಆಗೀದಿ," ಎಂದು ನೆಗೆಣ್ಣಿ ಹಂಚನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಳು.

ನಾವು ಅಡುಗೆಮನೆಗೆ ಬಂದು ಪಂಚಮಿಯ ಅಳ್ಳು, ಅಂದರೆ ಅರಳು, ಹುರಿಯಲು ಜೋಳ ಹಸನು ಮಾಡುತ್ತ ಕುಳಿತೆವು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಹೊಗೆ ಬಂತು. ತಂಗಿಯ ಕೈ ಮೊರದ ಮೇಲೆ ನಿಂತಿತು. ಮೂಗು ಅರಳಿತು.

"ಹೊತ್ತಾಕತ್ತೈತಿ ಅಕ್ಕಾ. ಈಗ ಇಳಸಬೇಕು. ಓಡಿ ಹೋಗಿ ಇಳಿಸಿ ಬರ್ಲೇನ?"

ಆಗಲೇ ಅವಳು ಅರ್ಧ ಎದ್ದಿದ್ದಳು. ಹೋದರೆ ಇಳಿಸುತ್ತಾಳೆ, ಇಳಿಸಿದರೆ ಹದ ನೋಡಲು ಚಿಟಿಕೆ ಎತ್ತುತ್ತಾಳೆ, ಎತ್ತಿದ ಬೆರಳು ಬಾಯಿಗೇ ಹೋಗುತ್ತದೆ. ಇದು ಅವಳಿಗೂ ಗೊತ್ತಿತ್ತು.

"ಕಿಡಕಿ ಹಾಕ್ತೀನಿ. ನೀ ಜ್ವಾಳಾ ಮುಗಸು," ಎಂದೆ.

ಅವಳು ಕುಳಿತಳು. ಕಣ್ಣಲ್ಲಿ ನೀರಿತ್ತು, ಹೊಗೆಯಿಂದ ಬಂದದ್ದಲ್ಲ.

"ಬಾಯಿ ಕೇಳೂದು ಹ್ಯಾಂಗರೆ ತಡಕೋತೇನಿ ಅಕ್ಕಾ. ಆದ್ರ ನಾಳಿಂದ ಕಟ್ಟಿ ಮ್ಯಾಲ ಕೂಡಾಕ ಯಾರ ಬರ್ತಾರ?"

ಡಾಕ್ಟರು ಇದನ್ನು ಕೇಳಿರಲಿಲ್ಲ. ಇನ್ನೊಂದು ಮೊರ ಜೋಳ ಸುರಿದು ಅವಳ ಎದುರು ಕುಳಿತೆ.

ಮಧ್ಯಾಹ್ನ ಓಣಿಯ ಇಬ್ಬರು ಹೆಂಗಸರು ಜೋಳ ತಂದರು. ನಾಳೆ ಯಾರ ಮನೆಯಲ್ಲೂ ಹಂಚು ಏರುವುದಿಲ್ಲವಲ್ಲ. ತಂಗಿ ಅಡುಗೆಯ ಹಂಚಿನಲ್ಲಿ ಅಳ್ಳು ಹುರಿದಳು. ಜೋಳ ಸಿಡಿದು ಒಬ್ಬಳ ಮೂಗಿಗೆ ಬಡಿದಾಗ ನಗೆಯೆದ್ದಿತು. ಒಬ್ಬಳು ಅಭ್ಯಾಸಬಲದಿಂದ ಸೊಂಟದ ಡಬ್ಬಿಗೆ ಕೈ ಹಾಕಿದಳು. ನಾನು ಅವಳನ್ನೇ ದಿಟ್ಟಿಸಿದೆ. ಡಬ್ಬಿ ಒಳಗೇ ಉಳಿಯಿತು.

ಸಂಜೆ ನೆಗೆಣ್ಣಿ ಶೇಂಗಾ ಹಿಡಿದು ಬಂದಳು. ಮುಖ ಬಿಗಿದಿತ್ತು.

"ಪೂರ್ತಿ ಸುಟ್ಟ ಹೋತು. ಬೂದಿ ಆತು."

"ಉರಿ..." ಎಂದು ಶುರುಮಾಡಿದ ತಂಗಿ ಮಾತು ನುಂಗಿದಳು. "ಶೇಂಗಾ ಕೊಡ್ರಿ," ಎಂದಳು.

"ಆ ಹಂಚ ವಾಪಸ್ ತರ್ಲೇನ?"

"ಬ್ಯಾಡ್ರಿ."

ಶೇಂಗಾ ಹುರಿಯುವವರೆಗೆ ನೆಗೆಣ್ಣಿ ಒಲೆಯ ಪಕ್ಕದಲ್ಲೇ ಕುಳಿತಳು. ಸೊಸೆಯನ್ನು ಬೈದಳು, ಮೊಣಕಾಲು ತೋರಿಸಿದಳು, ಬೆಳಗಿನ ಮಾತು ಎತ್ತಲಿಲ್ಲ. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ, ಇಳಿಯುವ ಅಗತ್ಯವೂ ಕಾಣಲಿಲ್ಲ. ಹಬ್ಬದ ನಂತರ ತಂಗಿಯನ್ನು ಕೊಲ್ಹಾಪುರಕ್ಕೆ ಕರೆದೊಯ್ದಾಗ ಡಾಕ್ಟರಿಗೂ ನಾಲ್ಕು ಮಾತು ಹೇಳುವುದಿದೆ.

ನೆಗೆಣ್ಣಿ ಹೋದ ಮೇಲೆ ತಂಗಿ ಅಡುಗೆಯ ಹಂಚನ್ನು ಬೂದಿ ಹಚ್ಚಿ ತಿಕ್ಕಿದಳು, ನಾನು ನೀರು ಹಾಕಿದೆ. ಒರೆಸಿ, ನಾಳೆ ಯಾರೂ ಮುಟ್ಟದಂತೆ ಮೂಲೆಯಲ್ಲಿ ಬೋರಲು ಹಾಕಿದೆವು.